ಬೀಡಿ ಬಿಟ್ಟವರ ಮೂರನೆಯ ದಿನ

ಕನ್ನಡ ನಾಡಿನಲ್ಲಿ ಹೊಗೆಸೊಪ್ಪಿಗೆ ಸುಮಾರು ನಾನೂರು ವರ್ಷದ ವಯಸ್ಸು. ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದ ಈ ಅಮೆರಿಕದ ಗಿಡ ಮೊಗಲರ ಆಸ್ಥಾನಕ್ಕೆ ಹೋದದ್ದು ನಮ್ಮ ಬಿಜಾಪುರದಿಂದ. ಅಕ್ಬರನ ಅಧಿಕಾರಿ ಅಸದ್ ಬೇಗ್ 1604ರ ಸುಮಾರಿಗೆ ಆದಿಲ್‌ಶಾಹಿಗಳ ಬಿಜಾಪುರಕ್ಕೆ ಬಂದಿದ್ದ. ಅಲ್ಲಿ ಹೊಗೆಸೊಪ್ಪನ್ನು ಮೊದಲ ಬಾರಿಗೆ ಕಂಡು, ಚೆಂದದ ಕೊಳವೆಯೊಂದನ್ನು ಮಾಡಿಸಿ, ಸೊಪ್ಪಿನ ಜೊತೆ ಒಯ್ದು ಬಾದಶಹನ ಮುಂದಿಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದ. ಹಕೀಮರು ತಡೆದರು. ವೈದ್ಯರು ಯಾರೂ ಏನೂ ಬರೆದಿಡದ, ಪರೀಕ್ಷೆಗೆ ಒಳಪಡದ ವಸ್ತುವನ್ನು ದೊರೆ ಸೇವಿಸಬಾರದು ಎಂಬುದು ಅವರ ವಾದ. ಅಕ್ಬರ್ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ. ಅಮೀರರು ಮಾಡಿಕೊಂಡರು, ವ್ಯಾಪಾರಿಗಳು ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ನಿಷೇಧದ ಆಜ್ಞೆ ಹೊರಡಿಸಬೇಕಾಯಿತು.

ಆ ನಿಷೇಧದ ಜೊತೆಗೇ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಇನ್ನೊಂದು ಸಂಗತಿ ಬರೆದಿದ್ದಾನೆ. ಇರಾನಿನ ಷಾ ಅಬ್ಬಾಸನೂ ತನ್ನ ರಾಜ್ಯದಲ್ಲಿ ತಂಬಾಕನ್ನು ನಿಷೇಧಿಸಿದ್ದ. ಅಲ್ಲಿಗೆ ಹೋಗಿದ್ದ ಮೊಗಲ್ ರಾಯಭಾರಿ ಖಾನ್ ಆಲಂ ಹೊಗೆಯಿಲ್ಲದೆ ಒಂದು ಗಳಿಗೆಯೂ ಇರಲಾರದವನು. ಅವನ ಅವಸ್ಥೆ ಕೇಳಿದ ಷಾ ಅವನೊಬ್ಬನಿಗೆ ವಿನಾಯಿತಿ ಕೊಟ್ಟ. ಬಹಳ ಸೇದಿ ಸೇದಿ ಬಿಡಲಾರದ ಸ್ಥಿತಿಗೆ ಬಂದ ಮನುಷ್ಯನ ಬಗ್ಗೆ ನಾನು ಓದಿದ ಅತಿ ಹಳೆಯ ದಾಖಲೆ ಇದು. ಆಜ್ಞೆಗೆ ತಲೆಬಾಗದವನು ಎಂದು ಅವನನ್ನು ದಂಡಿಸಲಿಲ್ಲ. ಇವನ ಮೈಗೆ ಏನೋ ಆಗಿದೆ ಎಂದು ಇಬ್ಬರು ಬಾದಶಹರಿಗೂ ಹೊಳೆದಿತ್ತು. ನಮ್ಮ ಹಳ್ಳಿಗಳಲ್ಲಿ ಆ ಮಾತು ಹೊಳೆಯುವುದಕ್ಕೆ ಬಹಳ ಕಾಲ ಹಿಡಿಯಿತು.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್ ಆಗಿದ್ದವನು. ಜನ ಕರೆಯುತ್ತಿದ್ದದ್ದು ಕಾಂಪೌಂಡರ್ ಎಂದೇ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ತಾಲ್ಲೂಕುಗಳಲ್ಲಿ ಕೆಲಸ ಮಾಡಿ ಕೊನೆಗೆ ಚಿತ್ರದುರ್ಗದಲ್ಲಿ ನಿವೃತ್ತನಾದೆ. ಔಷಧಿ ಕೊಡುವ ಕಿಂಡಿಯ ಈಚೆ ಕೂತವನಿಗೆ ಊರಿನ ಕೆಮ್ಮೆಲ್ಲ ಕಿವಿಗೆ ಬೀಳುತ್ತದೆ. ಬೀಡಿ ಬಿಡುತ್ತೇನೆ ಎಂದು ದೇವರ ಮುಂದೆ, ಸ್ವಾಮಿಗಳ ಮುಂದೆ, ಹೆಂಡತಿ ಮಕ್ಕಳ ಮುಂದೆ ಆಣೆ ಮಾಡಿದ ಗಂಡಸರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಆಣೆಯ ದಿನ ಊರೆಲ್ಲ ಜೊತೆಗಿರುತ್ತದೆ. ಮೂರನೆಯ ದಿನ ಯಾರೂ ಇರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಬೀಡಿ ಬಂದ ಚರಿತ್ರೆ, ಬಿಟ್ಟ ಚರಿತ್ರೆ ಎರಡನ್ನೂ ನಾನು ಆ ಮೂರನೆಯ ದಿನದಿಂದ ನೋಡಲು ಕಲಿತೆ.

ಹಿರಿಯೂರಿಗೆ ಹತ್ತಿರದ ಸಿರಾ 17ನೆಯ ಶತಮಾನದಲ್ಲಿ ಬಿಜಾಪುರದ ಕೈಗೆ ಬಂತು. ಚಿತ್ರದುರ್ಗದ ನಾಯಕರಿಗೆ ಬಿಜಾಪುರದೊಡನೆ ಯುದ್ಧವೂ ಇತ್ತು, ವ್ಯವಹಾರವೂ ಇತ್ತು. ಹೊಗೆಸೊಪ್ಪು ಈ ದಾರಿಯಲ್ಲೇ ನಮ್ಮ ಸೀಮೆಗೆ ಬಂದಿರಬೇಕೆಂದು ನನ್ನ ಊಹೆ. ನನ್ನ ಅಜ್ಜನ ಕಾಲಕ್ಕಾಗಲೇ ಅದು ಪರದೇಶದ್ದು ಎಂಬ ನೆನಪೂ ಉಳಿದಿರಲಿಲ್ಲ. ಮಣ್ಣಿನ ಚಿಲುಮೆ, ಚಕಮಕಿ ಕಲ್ಲು, ಬೆಂಕಿ ಹಿಡಿಸುವ ಅರಳೆ, ಇವಿಷ್ಟು ಹಟ್ಟಿಯ ಪ್ರತಿ ಮುದುಕನ ಸಂಚಿಯಲ್ಲಿ ಇರುತ್ತಿದ್ದವು. ಹೆಂಗಸರು ಎಲೆಅಡಿಕೆಯ ಜೊತೆ ಸೊಪ್ಪು ಹಾಕುತ್ತಿದ್ದರು. ನಶ್ಯ ಏರಿಸುವವರು ಬೇರೆ. ಚಿಲುಮೆಗೆ ಒಂದು ಕಟ್ಟು ಇತ್ತು. ಅದನ್ನು ತುಂಬಬೇಕು, ಹಚ್ಚಬೇಕು, ನಾಲ್ಕು ಜನ ಕೂರಬೇಕು, ಸುತ್ತು ಹಾಕಬೇಕು. ಅದೂ ತಮ್ಮ ತಮ್ಮ ಜಾತಿಯವರ ನಡುವೆ ಮಾತ್ರ. ದಿನಕ್ಕೆ ಎರಡೋ ಮೂರೋ ಸಲ ಆಗುತ್ತಿತ್ತು, ಅಷ್ಟೆ.

ಈ ಕಟ್ಟನ್ನು ಒಡೆದದ್ದು ಬೀಡಿ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1898ರಲ್ಲಿ ಶುರುವಾದ ಅಣೆಕಟ್ಟು 1907ಕ್ಕೆ ಮುಗಿಯಿತು. ಅದೇ ವಾಣಿವಿಲಾಸ ಸಾಗರ. ನಮ್ಮಜ್ಜ ಹುಡುಗನಾಗಿದ್ದಾಗ ಅಲ್ಲಿ ಕಲ್ಲು ಹೊತ್ತವನು. ಅಲ್ಲಿನ ಕೂಲಿಗಳು ಚಿಲುಮೆ ಸುತ್ತ ಕೂತರೆ ಮೇಸ್ತ್ರಿ ಬೈಯುತ್ತಿದ್ದನಂತೆ. ಮುಂದೆ ಕಾಲುವೆ ಕೆಲಸ, ರಸ್ತೆ ಕೆಲಸಗಳ ಹೊತ್ತಿಗೆ ಬೀಡಿ ಬಂದಿತ್ತು. ಜೇಬಿನಲ್ಲಿ ಇಟ್ಟುಕೊಳ್ಳಬಹುದು, ಒಬ್ಬನೇ ಸೇದಬಹುದು, ಮೂರು ನಿಮಿಷದಲ್ಲಿ ಮುಗಿಸಬಹುದು. ಬೆಂಕಿಯನ್ನು ತುದಿಯಿಂದ ತುದಿಗೆ ಕೊಟ್ಟರೆ ಮೈಲಿಗೆಯಿಲ್ಲ. ಮೇಸ್ತ್ರಿಯೂ ಸುಮ್ಮನಿರುತ್ತಿದ್ದ. ಇದನ್ನು ನಾನು ಒತ್ತಿ ಹೇಳಬೇಕು. ಕೂಲಿಯವನು ಸುಮ್ಮನೆ ಕೂತರೆ ಸೋಮಾರಿ. ಬೀಡಿ ಸೇದಲು ಕೂತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹೊಳಲ್ಕೆರೆ, ಹೊಸದುರ್ಗ ಕಡೆಯ ಗಣಿಗಳಲ್ಲಿ, ಅಡಿಕೆ ಸುಲಿಯುವ ಕಣಗಳಲ್ಲಿ, ಚಿಕ್ಕಜಾಜೂರು ಜಂಕ್ಷನ್ನಿನ ಪ್ಲಾಟ್‌ಫಾರಂನಲ್ಲಿ ಇದೇ ನಿಯಮ. ಎರಡು ಮೂರು ತಲೆಮಾರು ನಮ್ಮ ಗಂಡಸರಿಗೆ ಸಿಕ್ಕ ಬಿಡುವೆಲ್ಲ ಬೀಡಿಯ ಹೆಸರಿನಲ್ಲೇ ಸಿಕ್ಕದ್ದು. ಅಂಥವನಿಗೆ ಬೀಡಿ ಬಿಡು ಎಂದರೆ ದಿನದ ಹತ್ತಿಪ್ಪತ್ತು ವಿಶ್ರಾಂತಿಗಳನ್ನು ಬಿಡು ಎಂದ ಹಾಗೆ. ಅದಕ್ಕೆ ಬದಲು ಏನು ಕೊಡುತ್ತೀರಿ ಎಂದು ಅವನು ಬಾಯಿಬಿಟ್ಟು ಕೇಳುವುದಿಲ್ಲ, ಮೈ ಕೇಳುತ್ತದೆ.

ಬೀಡಿ ಕಟ್ಟುವ ಕಸುಬಿನ ಮಾತೂ ಒಂದಿಷ್ಟು ಬರಬೇಕು. 1997ರಲ್ಲಿ ಬೇರೆ ಜಿಲ್ಲೆಯಾಗುವವರೆಗೂ ದಾವಣಗೆರೆ ನಮ್ಮ ಜಿಲ್ಲೆಯೇ. ಅಲ್ಲಿನ ಓಣಿಗಳಲ್ಲಿ ಹೆಂಗಸರು ಮೊರ ತೊಡೆಯ ಮೇಲಿಟ್ಟುಕೊಂಡು, ನೆನೆಸಿದ ಎಲೆ ಕತ್ತರಿಸಿ, ಪುಡಿ ತುಂಬಿ, ಸುತ್ತಿ, ದಾರ ಕಟ್ಟುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು. 1966ರಲ್ಲಿ ಅವರಿಗಾಗಿ ಕಾಯಿದೆ ಬಂತು, 1976ರಲ್ಲಿ ಕಲ್ಯಾಣ ನಿಧಿ ಬಂತು. ಬೀಡಿಯ ವಿರುದ್ಧ ಮಾತಾಡುವ ನನ್ನಂಥವನು ಆ ತಾಯಂದಿರ ಊಟದ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ. ಬೇರೆ ಕೆಲಸ ಕಲಿಸಿ, ಕೊಡಿಸಿ, ಆಮೇಲೆ ಮೊರ ಕೆಳಗಿಡಿಸಬೇಕು ಎಂದೇ ನನ್ನ ಅಭಿಪ್ರಾಯ. ದಿನವೆಲ್ಲ ಆ ಪುಡಿಯ ದೂಳು ಕುಡಿದ ಅವರ ಎದೆಯೂ ಗಟ್ಟಿಯಾಗಿರಲಿಲ್ಲ.

ಬೀಡಿ ಸಣ್ಣದು, ಎಲೆಯದು, ಸಿಗರೇಟಿನಷ್ಟು ಕೆಡುಕಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಈಗಲೂ ಇದೆ. ಬೀಡಿಯೊಳಗಿನ ಪುಡಿ ಸಿಗರೇಟಿಗಿಂತ ಕಡಿಮೆ ಎಂಬುದು ನಿಜ. ಆದರೆ ಅದರ ಎಲೆ ಗಾಳಿಯಾಡದಂಥದು. ಎಳೆಯುತ್ತಲೇ ಇರದಿದ್ದರೆ ಆರಿಹೋಗುತ್ತದೆ. ಹಾಗಾಗಿ ಸೇದುವವನು ಜೋರಾಗಿ, ಮೇಲಿಂದ ಮೇಲೆ ಎಳೆಯುತ್ತಾನೆ. ನಿಕೋಟಿನ್, ಟಾರು, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿನಷ್ಟೇ ಅಥವಾ ಅದಕ್ಕೂ ಹೆಚ್ಚು ಒಳಗೆ ಹೋಗುತ್ತವೆ. 2008ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದು ಬೀಡಿ ಸೇದುವ ಗಂಡಸರ ಆಯಸ್ಸು ಸುಮಾರು 6 ವರ್ಷ, ಹೆಂಗಸರದು 8 ವರ್ಷ, ಸಿಗರೇಟು ಸೇದುವ ಗಂಡಸರದು 10 ವರ್ಷ ಕಡಿಮೆಯಾಗುತ್ತದೆ ಎಂದು ತೋರಿಸಿತು. ಅದಕ್ಕೂ ಮುಂಚೆ, 2003ರಲ್ಲಿ, ತಮಿಳುನಾಡಿನ ಸಾವುಗಳನ್ನು ಪರಿಶೀಲಿಸಿದ ಸಂಶೋಧಕರು ಸೇದುವ ಗಂಡಸರಲ್ಲಿ ಕ್ಷಯದ ಸಾವು ಸೇದದವರಿಗಿಂತ ನಾಲ್ಕು ಪಟ್ಟು ಹೆಚ್ಚೆಂದು ಕಂಡಿದ್ದರು.

ನಮ್ಮಪ್ಪ ಕಾಲುವೆಯ ನೀರುಗಂಟಿ. ರಾತ್ರಿ ತೂಬು ಕಾಯುವ ಕೆಲಸ, ಚಳಿ, ಒಂಟಿತನ. ದಿನಕ್ಕೆ 25 ಬೀಡಿಯ ಒಂದು ಕಟ್ಟು ಸಾಲುತ್ತಿರಲಿಲ್ಲ. ಅವನ ಕಾಲದಲ್ಲೇ ಲಂಡನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಹೊಗೆಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. ತಮ್ಮದೇ ಅಂಕಿಅಂಶ ನೋಡಿ ಡಾಲ್ ಸಿಗರೇಟು ಬಿಟ್ಟರು. 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಬಂತು. ನಮ್ಮಲ್ಲಿ 1975ರ ಕಾಯಿದೆಯಿಂದ ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆಯ ಸಾಲು ಬಂದಿತು, ಆದರೆ ಆ ಕಾಯಿದೆ ಬೀಡಿಯನ್ನು ಮುಟ್ಟಲಿಲ್ಲ. ಅಪ್ಪನ ಕಟ್ಟಿನ ಮೇಲೆ ಅವನ ಜೀವಮಾನದಲ್ಲಿ ಯಾವ ಎಚ್ಚರಿಕೆಯೂ ಇರಲಿಲ್ಲ. ಅರವತ್ತು ದಾಟುತ್ತಲೇ ಉಬ್ಬಸದಲ್ಲಿ ಹೋದ. ಪಿತೃಪಕ್ಷದಲ್ಲಿ ಅವನಿಗೆ ಎಡೆ ಇಡುವಾಗ ಮುದ್ದೆ, ಸಾರು, ಹೋಳಿಗೆಯ ಪಕ್ಕ ಒಂದು ಬೀಡಿ ಕಟ್ಟು, ಬೆಂಕಿಪೊಟ್ಟಣ ಇಡುತ್ತಿದ್ದೆವು. ಸತ್ತವರಿಗೆ ಇಷ್ಟವಾದದ್ದನ್ನು ಎಡೆಗಿಡುವುದು ನಮ್ಮ ಕಡೆಯ ಪದ್ಧತಿ. ಆ ಎಡೆಯ ಬೀಡಿಯನ್ನು ಪೂಜೆಯಾದ ಮೇಲೆ ಪ್ರಸಾದದ ಹಾಗೆ ಅಣ್ಣನೇ ಎತ್ತಿಕೊಳ್ಳುತ್ತಿದ್ದ.

ಅಣ್ಣ ಲಾರಿ ಡ್ರೈವರ್. ಹೊಸದುರ್ಗದ ತೆಂಗಿನಕಾಯಿ, ಭೀಮಸಮುದ್ರದ ಅಡಿಕೆ ತುಂಬಿಕೊಂಡು ಪುಣೆ, ಮುಂಬೈವರೆಗೆ ಹೋಗಿಬರುತ್ತಿದ್ದ. ಹಿರಿಯೂರು, ಚಿತ್ರದುರ್ಗ ಎರಡನ್ನೂ ಹಾದುಹೋಗುವ ಆ ಹೆದ್ದಾರಿ ನಮ್ಮ ಸೀಮೆಯ ಎಷ್ಟೋ ಮನೆಗೆ ಅನ್ನ ಕೊಟ್ಟಿದೆ. ರಾತ್ರಿ ನಿದ್ದೆ ತಡೆಯಲು ಚಹಾ, ಚಹಾದ ಜೊತೆ ಬೀಡಿ, ಕೈಯಲ್ಲಿ ಕಾಸಾಡಿದ ಮೇಲೆ ಸಿಗರೇಟು. ಹೀಗೆ ಸೇದುತ್ತ ಮೂವತ್ತು ವರ್ಷ ದಾಟಿತ್ತು.

ಬಿಡುವುದಕ್ಕೆ ನಮ್ಮ ಜನರಿಗೆ ಗೊತ್ತಿದ್ದ ಮೊದಲ ದಾರಿ ಹರಕೆ. ಅಣ್ಣನೂ ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಲ್ಲಿ ತೇರಿನ ಮುಂದೆ ಕಾಯಿ ಒಡೆದು ಇನ್ನು ಮುಟ್ಟುವುದಿಲ್ಲ ಎಂದ. ಮಾರನೆಯ ದಿನವೇ ಗಾಡಿ ಹತ್ತಿದ. ಮೂರನೆಯ ದಿನ ಸ್ಟೇರಿಂಗ್ ಮೇಲಿನ ಕೈ ನಡುಗಿ, ಕಣ್ಣು ಮಂಜಾಗಿ, ಕ್ಲೀನರ್ ಹುಡುಗನ ಮೇಲೆ ರೇಗಿ, ಕೊನೆಗೆ ಗಾಡಿಯನ್ನು ರಸ್ತೆ ಪಕ್ಕ ನಿಲ್ಲಿಸಿ ಅವನ ಹತ್ತಿರವೇ ಬೀಡಿ ಇಸಿದುಕೊಂಡು ಹಚ್ಚಿದ. ಊರಿಗೆ ಬಂದಾಗ ಅವ್ವ ಮುಖ ತಿರುಗಿಸಿಕೊಂಡಳು. "ದೇವ್ರಿಗೆ ಕೊಟ್ಟ ಮಾತು ತಪ್ಪಿದನಲ್ಲ, ಇವನಿಗೆ ಒಳ್ಳೇದಾಗುತ್ತಾ?" ಎಂದು ಅತ್ತಿಗೆ ಅತ್ತರು. ಆಮೇಲೆ ಅಣ್ಣ ಬಹಳ ವರ್ಷ ಬಿಡುವ ಮಾತೇ ಎತ್ತಲಿಲ್ಲ. ಇನ್ನೊಂದು ಸಲ ಮಾತು ತಪ್ಪುವ ಭಯ.

ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ. ವರ್ಷಗಟ್ಟಲೆ ಅದಕ್ಕೆ ಒಗ್ಗಿದ ಮಿದುಳು ಎರಡನೆಯ, ಮೂರನೆಯ ದಿನಕ್ಕೆ ಅತಿ ಹೆಚ್ಚು ಚಡಪಡಿಸುತ್ತದೆ. ಸಿಡುಕು, ಕಳವಳ, ನಿದ್ದೆಗೇಡು, ಮನಸ್ಸು ನಿಲ್ಲದಿರುವುದು, ಹಸಿವು, ಮಲಬದ್ಧತೆ. ಮೂರು ನಾಲ್ಕು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಇವುಗಳಿಂದ ಜೀವಕ್ಕೆ ಅಪಾಯವಿಲ್ಲ, ಬಹಳ ಸೇದಿದವನು ಒಂದೇ ದಿನಕ್ಕೆ ನಿಲ್ಲಿಸಿದರೂ ಇಲ್ಲ. ಆದರೆ ಲಾರಿ ಓಡಿಸುವವನಿಗೆ, ಗಣಿಯಲ್ಲಿ ಯಂತ್ರದ ಮುಂದೆ ನಿಲ್ಲುವವನಿಗೆ ಆ ಮೂರು ದಿನದ ಮಂಜು ಅಪಾಯವೇ. ತಾರೀಖು ಗೊತ್ತು ಮಾಡಿಕೊಂಡು, ಆ ವಾರ ಗಾಡಿ ಹತ್ತದೆ ಮನೆಯಲ್ಲಿರು ಎಂದು ಆಗ ಅಣ್ಣನಿಗೆ ಹೇಳಿದವರು ಯಾರೂ ಇರಲಿಲ್ಲ.

ಹರಕೆಯನ್ನು ನಾನು ಹಗುರ ಮಾಡುತ್ತಿಲ್ಲ. ಅಯ್ಯಪ್ಪನ ಮಾಲೆ ಹಾಕಿದ ಗಂಡಸರು 41 ದಿನದ ವ್ರತದಲ್ಲಿ ಬೀಡಿ ಮುಟ್ಟದೆ ಇರುವುದನ್ನು ಪ್ರತಿ ವರ್ಷ ಕಾಣುತ್ತೇವೆ. ಕರಿ ಬಟ್ಟೆ, ತಣ್ಣೀರ ಸ್ನಾನ, ಗುರುಸ್ವಾಮಿ, ಸಂಜೆಯ ಭಜನೆ, ಜೊತೆಗೆ ಹತ್ತು ಜನ ಸ್ವಾಮಿಗಳು. ಎಲ್ಲರೂ "ಸ್ವಾಮಿ" ಎಂದು ಕರೆಯುವಾಗ ಬೀಡಿ ಹಚ್ಚಲು ಕೈ ಏಳುವುದಿಲ್ಲ. ವೈದ್ಯಶಾಸ್ತ್ರ ಹೇಳುವ ಆ ಕಷ್ಟದ ನಾಲ್ಕು ವಾರ ಇಲ್ಲಿ ಜೊತೆಗಾರರ ನಡುವೆ ದಾಟಿಹೋಗಿರುತ್ತದೆ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ದಿನ ಮಾತ್ರ ಎಷ್ಟೋ ಜನ ನೇರ ಗೂಡಂಗಡಿಗೆ ಹೋಗುತ್ತಾರೆ. ಮೈ ಆಗಲೇ ಬಿಟ್ಟಿದೆ, ಇನ್ನು ಬೇಕಿಲ್ಲ ಎಂದು ಆ ಹೊತ್ತಿಗೆ ಹೇಳುವ ಗುರುಸ್ವಾಮಿ ಸಿಕ್ಕವರು ಉಳಿದುಕೊಂಡರು. ಅಂಥವರನ್ನು ಹೊಳಲ್ಕೆರೆಯಲ್ಲಿ ನಾನೇ ಕಂಡಿದ್ದೇನೆ.

ಉತ್ತರದ ಕಡೆಯಿಂದ ಇನ್ನೊಂದು ದಾರಿ ಬಂತು. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೊರಟರು. ಅವರು ಕೇಳಿದ ಭಿಕ್ಷೆ ಜನರ ದುಶ್ಚಟ. ಬೀಡಿ ಕಟ್ಟು, ಸಿಗರೇಟು ಪ್ಯಾಕು, ತಂಬಾಕಿನ ಚೀಲ ಎಲ್ಲ ಆ ಜೋಳಿಗೆಗೆ ಬಿದ್ದವು. ಮಹಾಂತ ಜೋಳಿಗೆ ಎಂದು ಅದು ಮನೆಮಾತಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು; ಅವರು ಹುಟ್ಟಿದ ಆಗಸ್ಟ್ 1ನ್ನು ಈಗ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಸ್ವಾಮಿಯೊಬ್ಬರು ನಿನ್ನ ಮನೆ ಬಾಗಿಲಿಗೆ ಬಂದು ನಿನ್ನ ಕೆಟ್ಟದ್ದನ್ನು ನನಗೆ ಕೊಡು ಎಂದು ಕೈಚಾಚುವುದರಲ್ಲಿ ಇರುವ ಮಮತೆ ದೊಡ್ಡದು. ಸೇದುವವನಿಗೆ ಅಲ್ಲಿ ಬೈಗುಳವಿಲ್ಲ.

ನಮ್ಮ ಜಿಲ್ಲೆಯೊಳಗೇ, ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ, ರಾಘವೇಂದ್ರ ಸ್ವಾಮೀಜಿ ಇದ್ದರು. 1943ರಲ್ಲಿ ಅಲ್ಲಿಗೆ ಬಂದು ಅನಾಥಸೇವಾಶ್ರಮ ಕಟ್ಟಿದರು, ವ್ಯಾಯಾಮ, ಯೋಗ, ಆಯುರ್ವೇದ ಮೂರನ್ನೂ ಹಳ್ಳಿಯವರಿಗೆ ಕಲಿಸಿದರು, 'ತಿರುಕ' ಎಂಬ ಹೆಸರಿನಲ್ಲಿ ಬರೆದರು, 1996ರಲ್ಲಿ ತೀರಿಕೊಂಡರು. ನಾನು ಹೊಳಲ್ಕೆರೆಯಲ್ಲಿದ್ದಾಗ ಅವರ ಶಿಬಿರಕ್ಕೆ ಹೋಗಿಬಂದ ಮೇಷ್ಟರೊಬ್ಬರು ಸಿಗರೇಟು ಬಿಟ್ಟದ್ದು ಕಣ್ಣಾರೆ ಕಂಡೆ. ಆ ಮೇಷ್ಟರು ಹೇಳಿದ್ದು ಇಷ್ಟೆ: ಚಪಲ ಬಂದಾಗ ಐದು ಹತ್ತು ನಿಮಿಷ ನಿಧಾನ ಉಸಿರಾಡುತ್ತ ಕೂರುತ್ತೇನೆ, ಅಷ್ಟರಲ್ಲಿ ಅದು ಹೋಗುತ್ತದೆ. ಮುಂದೆ ಓದಿದಾಗ ತಿಳಿಯಿತು, ಒಂದೊಂದು ತುಡಿತದ ಆಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಬೀಡಿಯ ಹೆಸರಿಲ್ಲದ ಒಂದು ಬಿಡುವನ್ನು ಅವರು ಸಂಪಾದಿಸಿಕೊಂಡಿದ್ದರು.

ಔಷಧಿಯ ದಾರಿ ಬಹಳ ದೂರದಿಂದ ಬಂತು. ಸ್ವೀಡನ್ನಿನ ಜಲಾಂತರ್ಗಾಮಿಗಳಲ್ಲಿ ನಾವಿಕರು ಸೇದುವಂತಿಲ್ಲ. ಅವರು ಬಾಯಲ್ಲಿ ತಂಬಾಕು ಇಟ್ಟುಕೊಂಡು ದಿನ ತಳ್ಳುವುದನ್ನು ಕಂಡ ವೈದ್ಯರು 1960ರ ದಶಕದ ಕೊನೆಯಲ್ಲಿ ಔಷಧ ಕಂಪನಿಯಲ್ಲಿದ್ದ ಓವೆ ಫರ್ನೋಗೆ ಬರೆದರು: ಹೊಗೆಯಿಲ್ಲದೆ ನಿಕೋಟಿನ್ನನ್ನು ಸ್ವಲ್ಪ ಸ್ವಲ್ಪ ಕೊಟ್ಟರೆ ಹೇಗೆ? ಅದರಿಂದ ನಿಕೋಟಿನ್ ಗಮ್ ಹುಟ್ಟಿತು. 1978ರಲ್ಲಿ ಸ್ವಿಟ್ಜರ್ಲೆಂಡ್, 1984ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ನಮ್ಮಲ್ಲಿ 2002ರಲ್ಲಿ ತಂಬಾಕು ಬಿಡಿಸುವ 13 ಕೇಂದ್ರಗಳು ಶುರುವಾದವು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿ ಅದರಲ್ಲಿ ಇದ್ದವು. 2003ರ ತಂಬಾಕು ನಿಯಂತ್ರಣ ಕಾಯಿದೆ ಬೀಡಿಯನ್ನೂ ಒಳಗೆ ತಂದಿತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ ಎಂದಾಯಿತು. 2009ರಲ್ಲಿ ಚಿತ್ರದ ಎಚ್ಚರಿಕೆ ಬಂತು. ಬಸ್‌ ಸ್ಟ್ಯಾಂಡಿನಲ್ಲಿ ಹೊಗೆ ಕಡಿಮೆಯಾದದ್ದನ್ನು ನಾವೆಲ್ಲ ನೋಡಿದ್ದೇವೆ. ಕರ್ನಾಟಕದಲ್ಲಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುವ ವಯಸ್ಕರು 2009-10ರಲ್ಲಿ ಶೇ. 28.2 ಇದ್ದದ್ದು 2016-17ಕ್ಕೆ ಶೇ. 22.8ಕ್ಕೆ ಇಳಿಯಿತು.

2010ರ ಸುಮಾರಿಗೆ ಅಣ್ಣನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಉಬ್ಬಸಕ್ಕೆಂದು ಥಿಯೋಫಿಲಿನ್ ಇರುವ ಮಾತ್ರೆ ನುಂಗುತ್ತಿದ್ದ. ಈ ಸಲ ಹರಕೆ ಬೇಡ ಎಂದೆ. "ಬಿಡಾಕಾಗಲ್ಲ ಕಣೋ ತಮ್ಮ, ನಂಗೆ ನಾನೇ ಗೊತ್ತಿಲ್ವಾ?" ಎಂದ. ಬಿಡಿಸುವ ಮೊದಲು ಮೈ ತೋರಿಸೋಣ ಬಾ ಎಂದು ಕರೆದುಕೊಂಡು ಹೋದೆ. ಎದೆಯ ಎಕ್ಸ್‌ರೇ, ಕಫದ ಪರೀಕ್ಷೆ, ರಕ್ತದೊತ್ತಡ, ಸಕ್ಕರೆ, ಇಸಿಜಿ ಆದವು. ಬಹಳ ವರ್ಷ ಸೇದಿದವನ ಕೆಮ್ಮನ್ನು ಬೀಡಿ ಕೆಮ್ಮು ಎಂದು ಸುಮ್ಮನೆ ತಳ್ಳಬಾರದು. ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಬಾಯಲ್ಲಿ ಮಾಯದ ಹುಣ್ಣು, ಇವು ಮೊದಲು ವೈದ್ಯರ ಕಣ್ಣಿಗೆ ಬೀಳಬೇಕು.

ಎದ್ದ ಅರ್ಧ ಗಂಟೆಯೊಳಗೆ ಹಚ್ಚುವವನು ಹೆಚ್ಚು ಒಗ್ಗಿದವನು. ಅಣ್ಣ ಹಾಸಿಗೆಯಲ್ಲೇ ಹಚ್ಚುವವನು. ಅಂಥವರಿಗೆ 4 ಮಿಲಿಗ್ರಾಂ ನಿಕೋಟಿನ್ ಗಮ್ ಬೇಕಾಗುತ್ತದೆ, ಅದಕ್ಕೆ ವೈದ್ಯರ ಚೀಟಿ ಬೇಕು. 2 ಮಿಲಿಗ್ರಾಮಿನದು ಔಷಧಿ ಅಂಗಡಿಯಲ್ಲಿ ಹಾಗೆಯೇ ಸಿಗುತ್ತದೆ. ಅದನ್ನು ಬಬಲ್‌ಗಮ್ಮಿನ ಹಾಗೆ ಅಗಿದರೆ ರಸವೆಲ್ಲ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ. ನಾಲ್ಕೈದು ಸಲ ನಿಧಾನ ಅಗಿದು, ಖಾರದ ಚುರುಕು ಬಂದಾಗ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು, ಚುರುಕು ಇಳಿದಾಗ ಮತ್ತೆ ಅಗಿಯಬೇಕು. ಹೊಗೆಸೊಪ್ಪನ್ನು ದವಡೆಯಲ್ಲಿಡುವ ಅಭ್ಯಾಸವಿದ್ದ ನಮ್ಮ ಕಡೆಯವರಿಗೆ ಇದನ್ನು ಕಲಿಸುವುದು ಸುಲಭ. ಅಗಿಯುವ ಕಾಲು ಗಂಟೆ ಮುಂಚೆ ಚಹಾ, ಕಾಫಿ ಬೇಡ, ಬಾಯಲ್ಲಿರುವಾಗಲೂ ಬೇಡ, ಔಷಧಿ ಹಿಡಿಯುವುದಿಲ್ಲ. ಮೊದಲ ವಾರಗಳಲ್ಲಿ ಗಂಟೆ ಎರಡು ಗಂಟೆಗೊಂದು, ಆಮೇಲೆ ಇಳಿಸುತ್ತ ಮೂರು ತಿಂಗಳಿಗೆ ನಿಲ್ಲಿಸುವುದು. ಹೃದಯಾಘಾತವಾಗಿ ಹೆಚ್ಚು ದಿನವಾಗದವರು, ಎದೆಬಡಿತ ಏರುಪೇರಾಗುವವರು, ಬಸುರಿಯರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಬುಪ್ರೊಪಿಯಾನ್, ವಾರೆನಿಕ್ಲಿನ್ ಎಂಬ ಮಾತ್ರೆಗಳೂ ಇವೆ. ಅವು ಚೀಟಿಯ ಔಷಧಿಗಳು. ಫಿಟ್ಸ್ ಇದ್ದವರಿಗೆ ಮೊದಲನೆಯದು ಸಲ್ಲದು, ಮೂತ್ರಪಿಂಡ ಕೆಟ್ಟವರಿಗೆ ಎರಡನೆಯದರ ಪ್ರಮಾಣ ಇಳಿಸಬೇಕು.

ಅಣ್ಣ ವಾರದ ರಜೆ ಹಾಕಿ ಶುರು ಮಾಡಿದ. ಅತ್ತಿಗೆಗೆ ಮೂರನೆಯ ದಿನದ ವಿಷಯ ಮುಂಚೆಯೇ ಹೇಳಿಟ್ಟಿದ್ದೆ: ಅವನು ಬೈದರೆ ಅದು ಅವನ ಬೈಗುಳವಲ್ಲ, ಸುಮ್ಮನಿದ್ದುಬಿಡಿ. ಆ ದಿನ ನಾನು ಅವನ ಜೊತೆಗೇ ಇದ್ದೆ. ಇಬ್ಬರೂ ತೋಟದ ಕಾಲುವೆ ಉದ್ದಕ್ಕೂ ನಡೆದೆವು. ಗಮ್ಮಿನಿಂದ ಕಳವಳ ಪೂರ್ತಿ ಹೋಗಲಿಲ್ಲ, ತಡೆಯುವಷ್ಟಕ್ಕೆ ಇಳಿಯಿತು. ಆದರೆ ವಾರದ ಕೊನೆಗೆ ಅವನ ಕೈ ನಡುಕ ಕಡಿಮೆಯಾಗುವ ಬದಲು ಹೆಚ್ಚಾಯಿತು. ಎದೆ ಢವಢವ, ವಾಕರಿಕೆ, ನಿದ್ದೆಯಿಲ್ಲ. "ನೋಡ್ದಾ, ಬಿಟ್ಟಿದ್ದೇ ತಪ್ಪಾಯ್ತು" ಎಂದ. ಇಂಥ ಹೊತ್ತಿನಲ್ಲೇ ಎಷ್ಟೋ ಜನ ಮತ್ತೆ ಹಚ್ಚುತ್ತಾರೆ, ಬೀಡಿ ಬಿಟ್ಟರೆ ಮೈಗೆ ಆಗುವುದಿಲ್ಲ ಎಂಬ ನಮ್ಮೂರ ಮಾತು ಗಟ್ಟಿಯಾಗುತ್ತದೆ.

ಕಾರಣ ಉಬ್ಬಸದ ಮಾತ್ರೆ. ಹೊಗೆಯಲ್ಲಿರುವ ಟಾರು ಯಕೃತ್ತನ್ನು ಚುರುಕು ಮಾಡಿ ಕೆಲವು ಔಷಧಿಗಳನ್ನು ಬೇಗ ಖಾಲಿ ಮಾಡಿಸುತ್ತದೆ. ಥಿಯೋಫಿಲಿನ್ ಅದರಲ್ಲೊಂದು. ಹೊಗೆ ನಿಂತ ಕೆಲವೇ ದಿನಗಳಲ್ಲಿ ಯಕೃತ್ತು ಹಳೆಯ ವೇಗಕ್ಕೆ ಮರಳುತ್ತದೆ, ಅದೇ ಮಾತ್ರೆ ರಕ್ತದಲ್ಲಿ ಹೆಚ್ಚು ನಿಲ್ಲುತ್ತದೆ. ಇದು ನಿಕೋಟಿನ್ನಿನಿಂದ ಆಗುವುದಲ್ಲವಾದ್ದರಿಂದ ಗಮ್ ಅಗಿದರೂ ತಪ್ಪುವುದಿಲ್ಲ. ವೈದ್ಯರು ಮಾತ್ರೆ ತಗ್ಗಿಸಿ, ಇನ್ಹೇಲರ್‌ಗೆ ಬದಲಾಯಿಸಿದರು. ಎರಡು ದಿನದಲ್ಲಿ ನಡುಕ ಇಳಿಯಿತು. ಮಾನಸಿಕ ಕಾಯಿಲೆಗೆ ಕ್ಲೋಜಪಿನ್, ಒಲಾಂಜಪಿನ್ ತೆಗೆದುಕೊಳ್ಳುವವರಿಗೂ ಹೀಗೇ ಆಗುತ್ತದೆ. ಚಹಾ ಕಾಫಿಯ ಕೆಫೀನೂ ಹಾಗೆಯೇ. ಅಣ್ಣನ ನಿದ್ದೆ ಕೆಟ್ಟದ್ದು ಅರ್ಧ ಚಹಾದಿಂದ. ಸಕ್ಕರೆ ಕಾಯಿಲೆಯವರು ರಕ್ತದ ಸಕ್ಕರೆಯನ್ನು ಆ ವಾರಗಳಲ್ಲಿ ಹೆಚ್ಚು ಸಲ ನೋಡಿಸಿಕೊಳ್ಳಬೇಕು. ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ ಎಂದು ನಾನು ಆಮೇಲೆ ಎಲ್ಲರಿಗೂ ಹೇಳತೊಡಗಿದೆ.

ಇನ್ನೊಂದು ಮಾತು ಇದಕ್ಕಿಂತ ಗಂಭೀರ. ಜಾತ್ರೆಯಲ್ಲಿ ಆಣೆ ಮಾಡುವವರು ಬೀಡಿ, ಹೆಂಡ ಎರಡನ್ನೂ ಒಂದೇ ದಿನ ಬಿಡುತ್ತಾರೆ. ದಿನವೂ ವಿಪರೀತ ಕುಡಿಯುವವನು ಹಠಾತ್ತಾಗಿ ಕುಡಿತ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು, ಜೀವವೂ ಹೋಗಬಹುದು. ಹೊಗೆಯನ್ನು ಮನೆಯಲ್ಲೇ ನಿಲ್ಲಿಸಬಹುದು. ಭಾರಿ ಕುಡಿತವನ್ನು ಆಸ್ಪತ್ರೆಯ ಕಣ್ಣಿನಡಿಯಲ್ಲೇ ನಿಲ್ಲಿಸಬೇಕು.

ಬಿಟ್ಟ ಮೊದಲ ವಾರಗಳಲ್ಲಿ ಅಣ್ಣನ ಕೆಮ್ಮು, ಕಫ ಹೆಚ್ಚಾದವು. ಶ್ವಾಸನಾಳದ ಒಳಗಿನ ಸಣ್ಣ ರೋಮಗಳು ಮತ್ತೆ ಅಲ್ಲಾಡಲು ಶುರುಮಾಡಿ, ಹೂಳು ತುಂಬಿದ ಕಾಲುವೆಗೆ ನೀರು ಬಿಟ್ಟಾಗ ಮೊದಲು ರಾಡಿ ಬರುವ ಹಾಗೆ, ಹಳೆಯದನ್ನು ಹೊರಗೆ ತಳ್ಳುತ್ತವೆ. ತೂಕ ನಾಲ್ಕೈದು ಕಿಲೋ ಏರಿತು. ನಡುವೆ ಒಂದು ಮದುವೆಯಲ್ಲಿ ಹಳೇ ಡ್ರೈವರ್‌ಗಳ ಜೊತೆ ಕೂತು ಒಂದು ಸಿಗರೇಟು ಸೇದಿಬಂದು ತಲೆ ತಗ್ಗಿಸಿ ಕೂತ. ಅವ್ವ ಆಗ ಮುಖ ತಿರುಗಿಸಲಿಲ್ಲ. "ಒಂದು ತಾನೇ, ನಾಳೆಯಿಂದ ಬ್ಯಾಡ ಬಿಡು ಮಗ" ಎಂದಳು. ನಮ್ಮ ಮನೆಯ ಮಟ್ಟಿಗೆ ಅದು ದೊಡ್ಡ ಬದಲಾವಣೆ. ಆ ವರ್ಷದ ಪಿತೃಪಕ್ಷದಲ್ಲಿ ಎಡೆಗೆ ಬೀಡಿ ಇಡುವ ಬಗ್ಗೆ ಮಾತು ಬಂತು. ಅಪ್ಪನಿಗೆ ಇಷ್ಟವಾದದ್ದನ್ನು ತಪ್ಪಿಸಬಾರದು ಎಂದು ದೊಡ್ಡವ್ವ ಹಟ ಹಿಡಿದರು. ಅಪ್ಪನನ್ನು ಕೊಂದದ್ದನ್ನು ನಾನು ಅವನ ಮುಂದೆ ಇಡಲ್ಲ ಎಂದು ಅಣ್ಣನೇ ಹೇಳಿದ. ಈಗ ಅಲ್ಲಿ ಎಲೆಅಡಿಕೆ ಮಾತ್ರ ಇಡುತ್ತೇವೆ.

ಬ್ರಿಟಿಷ್ ವೈದ್ಯರನ್ನು 50 ವರ್ಷ ಹಿಂಬಾಲಿಸಿದ ಡಾಲ್ ಅವರ ಅಧ್ಯಯನದ ವರದಿ 2004ರಲ್ಲಿ ಬಂತು: 60ಕ್ಕೆ ಬಿಟ್ಟವನಿಗೆ 3 ವರ್ಷ, 50ಕ್ಕೆ ಬಿಟ್ಟವನಿಗೆ 6 ವರ್ಷ, 40ಕ್ಕೆ ಬಿಟ್ಟವನಿಗೆ 9 ವರ್ಷ ಆಯಸ್ಸು ಮರಳಿ ಸಿಗುತ್ತದೆ. ಇನ್ನು ಬಿಟ್ಟು ಏನು ಪ್ರಯೋಜನ ಎನ್ನುವ ಮುದುಕರಿಗೆ ನಾನು ಈ ಲೆಕ್ಕವನ್ನು ಹೇಳುತ್ತಿದ್ದೆ. ಬೇಸಾಯಗಾರರಿಗೆ ಅದು ತಕ್ಷಣ ಅರ್ಥವಾಗುತ್ತಿತ್ತು; ಮೂರು ವರ್ಷ ಎಂದರೆ ಮೂರು ಮುಂಗಾರು.

ಈಗ ಸಿಗರೇಟು ಪ್ಯಾಕು, ಬೀಡಿ ಕಟ್ಟುಗಳ ಮೇಲೆಯೇ 1800-11-2356 ಎಂಬ ಉಚಿತ ಸಂಖ್ಯೆ ಇದೆ. 2018ರಿಂದ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೂ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ಬಿಡಿಸುವ ಕೇಂದ್ರಗಳಿವೆ. 2022ರಲ್ಲಿ ಕೇಂದ್ರ ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಗೆ ನಿಕೋಟಿನ್ ಬದಲಿ ಚಿಕಿತ್ಸೆಯೂ ಸೇರಿತು. ಆ ಪಟ್ಟಿಯಲ್ಲಿದ್ದದ್ದು ಮತ್ತೋಡಿನ, ಮಲ್ಲಾಡಿಹಳ್ಳಿಯ, ಜವಗೊಂಡನಹಳ್ಳಿಯ ಆಸ್ಪತ್ರೆಯ ಔಷಧಿ ಕಿಂಡಿಯಲ್ಲೂ ಪುಕ್ಕಟೆ ಸಿಗಬೇಕು. ಬೀಡಿಗೆ ದಿನಕ್ಕೆ ಇಷ್ಟು ಎಂದು ಚಿಲ್ಲರೆ ಕಾಸು ಕೊಡುವವನಿಗೆ ಒಂದೇ ಸಲ ಗಮ್ಮಿನ ಪಟ್ಟಿಗಳಿಗೆ ನೋಟು ಬಿಚ್ಚಲು ಆಗುವುದಿಲ್ಲ.

ಜಾತ್ರೆಯಲ್ಲಿ, ಮಠದಲ್ಲಿ, ಅಯ್ಯಪ್ಪನ ಗುಡಿಯಲ್ಲಿ ಆಣೆ ಮಾಡುವವರು ಮುಂದೆಯೂ ಮಾಡುತ್ತಾರೆ, ಮಾಡಲಿ. ಜೋಳಿಗೆಗೆ ಬೀಡಿ ಕಟ್ಟು ಹಾಕಿದವನು ಒಪ್ಪಿದರೆ ಅವನ ಹೆಸರು, ಊರನ್ನು ಅಲ್ಲೇ ಒಂದು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಮೂರನೆಯ ದಿನ ಆ ಊರಿನ ಆಶಾ ಕಾರ್ಯಕರ್ತೆ ಅವನ ಮನೆಗೆ ಹೋಗಬೇಕು. ನಿದ್ದೆ ಬಂತಾ ಅಣ್ಣಾ, ಎದೆ ಹೊಡ್ಕೊಳ್ತಾ, ಯಾವ ಮಾತ್ರೆ ತಗೋತೀರಿ ತೋರಿಸಿ, ಕುಡಿಯೋದನ್ನೂ ಬಿಟ್ರಾ, ಗಾಡಿ ಓಡಿಸ್ತೀರಾ ಎಂದು ಕೇಳಿ ಬರೆದುಕೊಂಡು, ಸಂಜೆಯೊಳಗೆ ವೈದ್ಯರಿಗೆ ಹೇಳಬೇಕು.